ನೂರು ಎಂಬಿಪಿಎಸ್ ಇದ್ದರೂ ಕಾರು ಯಾಕೆ ಹಾರುತ್ತದೆ?

2025ರ ಸೆಪ್ಟೆಂಬರ್ 6ರಂದು ಸೌದಿ ಅರೇಬಿಯಾದ ಜೆಡ್ಡಾ ಹತ್ತಿರ, ಕೆಂಪು ಸಮುದ್ರದ ತಳದಲ್ಲಿ ಇಂಟರ್ನೆಟ್ ಕೇಬಲ್‌ಗಳು ತುಂಡಾದವು. ಭಾರತ, ಪಾಕಿಸ್ತಾನ ಮತ್ತು ಕೊಲ್ಲಿ ದೇಶಗಳಲ್ಲಿ ಇಂಟರ್ನೆಟ್ ನಿಧಾನವಾಗಿದೆ ಎಂದು ಸುದ್ದಿ ಬಂತು. ಈ ಸುದ್ದಿ ಓದಿ ಮನೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿ ನೋಡಿದವರಿಗೆ ಗೊಂದಲ ಆಗುವುದು ಸಹಜ. ಬಿಲ್ಲಿನಲ್ಲಿ ಬರೆದ ವೇಗ ಪೂರ್ತಿ ಬರುತ್ತಿರುತ್ತದೆ, ಯೂಟ್ಯೂಬ್ ತಡೆಯಿಲ್ಲದೆ ಓಡುತ್ತದೆ. ಆದರೆ ಯುರೋಪಿನ ಸರ್ವರ್‌ನಲ್ಲಿ, ಅಂದರೆ ಆಟವನ್ನು ನಡೆಸುವ ದೂರದ ಕಂಪ್ಯೂಟರ್‌ನಲ್ಲಿ, ಕಾರ್ ರೇಸ್ ಆಡಲು ಕೂತರೆ ಎದುರಿನ ಕಾರು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಹಾರುತ್ತದೆ. ಜೆಡ್ಡಾದ ಕೇಬಲ್‌ಗೂ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯ ಕಂಪ್ಯೂಟರ್‌ಗೂ ಏನು ಸಂಬಂಧ?

ಈ ಪ್ರಶ್ನೆ ಈಗ ಬರೀ ಹವ್ಯಾಸದ್ದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಒಪ್ಪಿತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಅದು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳಿಗೆ, ಮಾನ್ಯತೆ ಕೊಟ್ಟಿತು. ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಆಡುವ ಸಿಮ್ ರೇಸಿಂಗ್ ಕೂಡ ನಿಷೇಧವಾಯಿತೇ ಎಂದು ಹಲವರು ಹೆದರಿದರು. ಹಾಗೇನೂ ಇಲ್ಲ. ಸ್ಪರ್ಧೆಗೆ ಸೇರುವ ಶುಲ್ಕ ಮತ್ತು ಗೆದ್ದವರಿಗೆ ಬಹುಮಾನ ಇಡಲು ಇ-ಸ್ಪೋರ್ಟ್ಸ್‌ನಲ್ಲಿ ಅವಕಾಶ ಇದೆ. ಬಾಜಿ ಕಟ್ಟುವಂತಿಲ್ಲ, ಅಷ್ಟೇ. ಜಪಾನಿನ ಐಚಿ-ನಗೋಯಾ ಏಷ್ಯನ್ ಗೇಮ್ಸ್ 2026ರ ಇ-ಸ್ಪೋರ್ಟ್ಸ್ ಪಟ್ಟಿಯಲ್ಲಿ ಗ್ರಾನ್ ಟುರಿಸ್ಮೊ 7 ಎಂಬ ಕಾರ್ ರೇಸ್ ಆಟವೂ ಇದೆ. ದೇಶದ ಹೆಸರು ಹಾಕಿಕೊಂಡು ಆಡುವ ಆಟ ಆದ ಮೇಲೆ, ಮನೆಯಲ್ಲಿ ಕೂತು ಕಲಿಯುವ ಮಕ್ಕಳಿಗೆ ಸರಿಯಾದ ಸಂಪರ್ಕ ಇದೆಯೇ ಎಂದು ಕೇಳಲೇಬೇಕು, ಅಲ್ವಾ?

ಬಸ್ಸಿನ ಸೀಟು ಮತ್ತು ಬಸ್ಸಿನ ಸಮಯ

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಎಂಬಿಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಿಸಬಹುದು ಎಂಬ ಲೆಕ್ಕ. ಆ ಮಾಹಿತಿ ಎಷ್ಟು ಬೇಗ ತಲುಪುತ್ತದೆ ಎಂಬುದು ಬೇರೆ ಲೆಕ್ಕ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಜಾಸ್ತಿ ಮಾಡಿದರೆ ಹೆಚ್ಚು ಜನ ಕೂರಬಹುದು. ಬಸ್ಸು ತಲಪಾಡಿ ದಾಟುವ ಸಮಯ ಅದರಿಂದ ಬದಲಾಗುವುದಿಲ್ಲ.

ಸಿಮ್ ರೇಸಿಂಗ್‌ಗೆ ಸೀಟು ಬೇಕಾಗುವುದು ತೀರಾ ಕಡಿಮೆ. ರಸ್ತೆ, ಮರ, ಕಾರಿನ ಬಣ್ಣ ಎಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತವೆ. ಇಂಟರ್ನೆಟ್ ಮೂಲಕ ಹೋಗುವುದು ಕಾರು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಯಾವ ಕಡೆ ತಿರುಗಿದೆ ಎಂಬ ಚಿಕ್ಕ ಚಿಕ್ಕ ಪೊಟ್ಟಣಗಳು ಮಾತ್ರ. ಅದಕ್ಕೆ ಒಂದೆರಡು ಎಂಬಿಪಿಎಸ್ ಧಾರಾಳ ಸಾಕು. ಹಾಗಾಗಿ ಲ್ಯಾಗ್ (ಆಟ ತಡವಾಗಿ, ತಡವರಿಸಿ ನಡೆಯುವುದು) ಬಂತೆಂದು 50 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಿದರೆ ದುಡ್ಡು ಹೋಗುತ್ತದೆ, ಕಾರು ಮಾತ್ರ ಹಾರುತ್ತಲೇ ಇರುತ್ತದೆ.

ಬೇಕಾದದ್ದು ಮೂರು ಅಂಕಿ. ಪೊಟ್ಟಣ ಸರ್ವರ್‌ಗೆ ಹೋಗಿ ಉತ್ತರ ಮರಳಿ ಬರಲು ಹಿಡಿಯುವ ಸಮಯ ಒಂದು, ಇದಕ್ಕೆ ಪಿಂಗ್ ಎನ್ನುತ್ತಾರೆ. ಆ ಸಮಯ ಪ್ರತಿ ಸಲ ಒಂದೇ ಇದೆಯೇ ಅಥವಾ ಏರಿಳಿಯುತ್ತದೆಯೇ ಎಂಬುದು ಇನ್ನೊಂದು, ಇದು ಜಿಟ್ಟರ್. ದಾರಿಯಲ್ಲಿ ಎಷ್ಟು ಪೊಟ್ಟಣ ಕಳೆದುಹೋಗುತ್ತವೆ ಎಂಬುದು ಮೂರನೆಯದು, ಪ್ಯಾಕೆಟ್ ಲಾಸ್. ಬಸ್ಸು ತಡವಾಗಿ ಬಂದರೂ ದಿನಾ ಅದೇ ಹೊತ್ತಿಗೆ ಬಂದರೆ ಹೊಂದಿಕೊಂಡು ಹೋಗಬಹುದು. ಒಮ್ಮೆ ಬೇಗ, ಒಮ್ಮೆ ತಡ, ಆಮೇಲೆ ಎರಡು ಬಸ್ಸು ಒಟ್ಟಿಗೆ ಬಂದರೆ ಲೆಕ್ಕವೇ ತಪ್ಪುತ್ತದೆ.

ಕಾಣುವ ಕಾರು ಊಹೆಯ ಕಾರು

ಇಡೀ ವಿಷಯದ ಕೀಲಿ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಪೈವಳಿಕೆಯ ಜೋಡುಕರೆ ಕಂಬಳದಲ್ಲಿ ಎರಡು ಕರೆ (ಕೋಣ ಓಡುವ ಹಾದಿ), ಎರಡು ಜೋಡಿ ಕೋಣ. ಗದ್ದೆಯ ಬದುವಿನಲ್ಲಿ ನಿಂತವರಿಗೆಲ್ಲ ಕಾಣುವುದು ಒಂದೇ ಓಟ. ಆನ್‌ಲೈನ್ ರೇಸ್ ಹಾಗಲ್ಲ. ಇಪ್ಪತ್ತು ಜನ ಆಡುತ್ತಿದ್ದರೆ ಇಪ್ಪತ್ತು ಕಂಪ್ಯೂಟರ್‌ಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾದ ಇಪ್ಪತ್ತು ರೇಸ್ ನಡೆಯುತ್ತಿರುತ್ತದೆ. ನಮ್ಮ ಕಾರು ನಮ್ಮ ಪರದೆಯಲ್ಲಿ ಈ ಕ್ಷಣದಲ್ಲಿರುತ್ತದೆ. ಬೇರೆಯವರ ಕಾರಿನ ಸುದ್ದಿ ಮಾತ್ರ ಹಳೆಯದು.

ಎಷ್ಟು ಹಳೆಯದು? ಎದುರಾಳಿಯ ಪೊಟ್ಟಣ ಸರ್ವರ್‌ಗೆ ಹೋಗಲು 60 ಮಿಲಿಸೆಕೆಂಡ್ (ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್), ಅಲ್ಲಿಂದ ನಮಗೆ ಬರಲು ಇನ್ನೊಂದು 60 ಎಂದು ಇಟ್ಟುಕೊಳ್ಳೋಣ. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಓಡುತ್ತದೆ. 120 ಮಿಲಿಸೆಕೆಂಡಿನಲ್ಲಿ ಅದು 6 ಮೀಟರ್ ಮುಂದೆ ಹೋಗಿರುತ್ತದೆ. ಜಿಟಿ3 ಎಂಬ ವರ್ಗದ ರೇಸ್ ಕಾರಿನ ಉದ್ದವೇ ಸುಮಾರು ನಾಲ್ಕೂವರೆ ಮೀಟರ್. ಅಂದರೆ ಬಂದ ಸುದ್ದಿಯನ್ನು ಹಾಗೇ ತೋರಿಸಿದರೆ ಎದುರಾಳಿ ಒಂದು ಕಾರಿಗಿಂತ ಜಾಸ್ತಿ ಹಿಂದೆ ಕಾಣುತ್ತಾನೆ. ಪಕ್ಕಪಕ್ಕದಲ್ಲಿ ಓಡುವುದೇ ಸಾಧ್ಯವಾಗುವುದಿಲ್ಲ.

ಅದಕ್ಕೆ ಆಟ ಒಂದು ಉಪಾಯ ಮಾಡುತ್ತದೆ. ಕೊನೆಯ ಸುದ್ದಿಯಲ್ಲಿದ್ದ ವೇಗ ಮತ್ತು ದಿಕ್ಕು ನೋಡಿ, ಕಾರು ಈಗ ಎಲ್ಲಿರಬಹುದು ಎಂದು ಊಹಿಸಿ ಅಲ್ಲಿ ಬಿಡಿಸುತ್ತದೆ. ಹೊಸ ಸುದ್ದಿ ಬಂದಾಗ ಊಹೆಯನ್ನು ತಿದ್ದುತ್ತದೆ. ತಿದ್ದುವುದು ಚಿಕ್ಕದಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ದೊಡ್ಡದಾದರೆ ಕಾರು ಹಾರಿದಂತೆ ಕಾಣುತ್ತದೆ.

ಊಹೆ ಎಷ್ಟು ತಪ್ಪಬಹುದು? ಎದುರಾಳಿ ಜೋರಾಗಿ ಬ್ರೇಕ್ ಒತ್ತಿದ ಎನ್ನಿ. ರೇಸ್ ಕಾರಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 15 ಮೀಟರ್‌ನಷ್ಟು ಇಳಿಯುತ್ತದೆ. ನಮ್ಮ ಕಂಪ್ಯೂಟರ್‌ಗೆ ಆ ಬ್ರೇಕಿನ ಸುದ್ದಿ 120 ಮಿಲಿಸೆಕೆಂಡ್ ತಡವಾಗಿ ಬಂದರೆ ಊಹೆ ತಪ್ಪುವುದು ಬರೀ 11 ಸೆಂಟಿಮೀಟರ್. ಅದೇ ನಡುವೆ ಪೊಟ್ಟಣಗಳು ಕಳೆದುಹೋಗಿ ಸುದ್ದಿ ಅರ್ಧ ಸೆಕೆಂಡ್ ತಡವಾದರೆ ತಪ್ಪು ಹತ್ತಿರ ಹತ್ತಿರ 1.9 ಮೀಟರ್. ಒಂದು ಸೆಕೆಂಡ್ ಆದರೆ ಏಳೂವರೆ ಮೀಟರ್. ತಡ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟಾಗುತ್ತದೆ.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟ. ದೂರದ ಸರ್ವರ್, ಆದರೆ ಏರಿಳಿತ ಇಲ್ಲದ ಸಂಪರ್ಕ ಇದ್ದರೆ ಆಡಬಹುದು. ಹತ್ತಿರದ ಸರ್ವರ್, ಆದರೆ ನಡುನಡುವೆ ಕಡಿಯುವ ಸಂಪರ್ಕ ಇದ್ದರೆ ಆಡಲಾಗದು. ಪಿಂಗ್ 150 ಇರುವ ಆಟಗಾರನಿಗಿಂತ, ಪಿಂಗ್ 40 ಇದ್ದು ಆಗಾಗ ಅರ್ಧ ಸೆಕೆಂಡ್ ಮಾಯವಾಗುವ ಆಟಗಾರ ಟ್ರ್ಯಾಕಿನಲ್ಲಿ ಹೆಚ್ಚು ಅಪಾಯ.

ನಮ್ಮ ಪರದೆಯಲ್ಲಿ ಎರಡು ಕಾರುಗಳ ನಡುವೆ ಒಂದು ಗೇಣು ಜಾಗ ಇದ್ದರೂ ಎರಡೂ ಡಿಕ್ಕಿ ಹೊಡೆದು ಚೆಲ್ಲಾಪಿಲ್ಲಿಯಾಗುವುದಕ್ಕೂ ಇದೇ ಕಾರಣ. ಆಟಗಾರರು ಇದನ್ನು ನೆಟ್‌ಕೋಡ್ ಎಂದು ಬೈಯುತ್ತಾರೆ. ಐರೇಸಿಂಗ್ ಎಂಬ ಸಿಮ್ ರೇಸಿಂಗ್ ಆಟದಲ್ಲಿ ಡಾಂಬರು ಟ್ರ್ಯಾಕಿನಲ್ಲಿ ಜೋರಾಗಿ ಡಿಕ್ಕಿಯಾದರೆ ತಪ್ಪು ಯಾರದು ಎಂದು ನೋಡದೆ ಇಬ್ಬರಿಗೂ ನಾಲ್ಕು ಪಾಯಿಂಟ್ ದಂಡ ಬೀಳುತ್ತದೆ. ಆ ನಿಯಮಕ್ಕೂ ಅರ್ಥ ಇದೆ. ಇಬ್ಬರ ಪರದೆಯಲ್ಲಿ ಎರಡು ಬೇರೆ ಘಟನೆ ನಡೆದಿರುವಾಗ ಯಾವುದು ನಿಜ ಎಂದು ಯಂತ್ರ ಹೇಗೆ ಹೇಳಬೇಕು?

ಕೆಂಪು ಸಮುದ್ರದಲ್ಲಿ ಕಡಿದರೆ ಇಲ್ಲಿ ಏನಾಗುತ್ತದೆ

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಕಾಸರಗೋಡಿನಿಂದ ಮುಂಬೈ ನೇರ ದಾರಿಯಲ್ಲಿ ಸುಮಾರು 765 ಕಿ.ಮೀ. ಹೋಗಿ ಬರಲು ಕನಿಷ್ಠ 8 ಮಿಲಿಸೆಕೆಂಡ್. ಸಿಂಗಾಪುರ ಸುಮಾರು 3,400 ಕಿ.ಮೀ., ಕನಿಷ್ಠ 34. ಜರ್ಮನಿಯ ಫ್ರಾಂಕ್‌ಫರ್ಟ್ 7,000 ಕಿ.ಮೀ.ಗೂ ಜಾಸ್ತಿ, ಕನಿಷ್ಠ 70. ಯಾವ ಕಂಪನಿಯೂ ಯಾವ ಪ್ಲಾನೂ ಈ ಕನಿಷ್ಠವನ್ನು ಇಳಿಸಲಾರದು. ನಿಜವಾದ ಪಿಂಗ್ ಯಾವಾಗಲೂ ಇದಕ್ಕಿಂತ ಜಾಸ್ತಿ, ಯಾಕೆಂದರೆ ಕೇಬಲ್ ನೇರ ಹೋಗುವುದಿಲ್ಲ. ಮುಂಬೈಗೆ ಹೋಗಿ, ಅರಬ್ಬೀ ಸಮುದ್ರ ಇಳಿದು, ಕೆಂಪು ಸಮುದ್ರ ದಾಟಿ, ಈಜಿಪ್ಟಿನ ನೆಲ ಹತ್ತಿ, ಮತ್ತೆ ಮೆಡಿಟರೇನಿಯನ್‌ಗೆ ಇಳಿಯಬೇಕು.

ಸೆಪ್ಟೆಂಬರ್‌ನಲ್ಲಿ ಕಡಿದದ್ದು ಎಸ್‌ಎಂಡಬ್ಲ್ಯು4 ಮತ್ತು ಐಎಂಇಡಬ್ಲ್ಯುಇ ಎಂಬ ಕೇಬಲ್‌ಗಳು. ಎರಡೂ ಭಾರತವನ್ನು ಯುರೋಪಿಗೆ ಜೋಡಿಸುವ ದಾರಿಗಳು. ಒಂದು ದಾರಿ ಮುಚ್ಚಿದರೆ ಮಾಹಿತಿ ನಿಲ್ಲುವುದಿಲ್ಲ, ಸುತ್ತು ಹಾಕುತ್ತದೆ. ಉಳಿದ ಕೇಬಲ್‌ಗಳಲ್ಲಿ ದಟ್ಟಣೆ ಆಗುತ್ತದೆ, ಇಲ್ಲವೇ ಸಿಂಗಾಪುರದ ಕಡೆಯಿಂದ ಇನ್ನೂ ದೂರದ ದಾರಿ ಹಿಡಿಯುತ್ತದೆ. ಪಿಂಗ್ ಏರುತ್ತದೆ. ದಟ್ಟಣೆಯ ಜಾಗದಲ್ಲಿ ಪೊಟ್ಟಣಗಳು ಕಾಯುತ್ತವೆ, ಕೆಲವು ಬಿದ್ದುಹೋಗುತ್ತವೆ. 2024ರ ಫೆಬ್ರವರಿಯಲ್ಲೂ ಕೆಂಪು ಸಮುದ್ರದಲ್ಲಿ ಹೀಗೇ ಕೇಬಲ್‌ಗಳು ಕಡಿದಿದ್ದವು. ದಾಳಿಗೆ ಸಿಕ್ಕಿದ ರೂಬಿಮಾರ್ ಹಡಗಿನ ಲಂಗರು ಎಳೆದು ಹಾಗಾಯಿತು ಎಂಬ ಅಂದಾಜಿತ್ತು.

ಸ್ಪೀಡ್ ಟೆಸ್ಟ್‌ನಲ್ಲಿ ಇದು ಕಾಣುವುದಿಲ್ಲ. ಅದು ಸಾಮಾನ್ಯವಾಗಿ ಹತ್ತಿರದ ಊರಿನ ಸರ್ವರನ್ನೇ ಆರಿಸಿಕೊಳ್ಳುತ್ತದೆ. ಯೂಟ್ಯೂಬ್ ವಿಡಿಯೋ ಕೂಡ ಹೆಚ್ಚಾಗಿ ದೇಶದೊಳಗಿನ ಸಂಗ್ರಹದಿಂದ ಬರುತ್ತದೆ, ಜೊತೆಗೆ ಮುಂದಿನ ಕೆಲವು ಸೆಕೆಂಡುಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ. ರೇಸಿನಲ್ಲಿ ಮುಂದಿನ ಸೆಕೆಂಡನ್ನು ಮೊದಲೇ ತರಲು ಆಗುವುದಿಲ್ಲ, ಅದು ಇನ್ನೂ ನಡೆದೇ ಇಲ್ಲವಲ್ಲ.

ಮನೆಯಿಂದ ಕಂಬದವರೆಗೆ

ಹಾಗಂತ ಎಲ್ಲ ತಪ್ಪನ್ನೂ ಸಮುದ್ರದ ಮೇಲೆ ಹಾಕುವಂತಿಲ್ಲ. ನಮ್ಮ ಕಡೆಯ ಬಹಳ ತೊಂದರೆ ಮೊದಲ ನೂರು ಮೀಟರ್‌ನಲ್ಲೇ ಇದೆ.

ಕಾಸರಗೋಡಿನ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು. ದಪ್ಪ ಕಲ್ಲು, ಮಳೆಗಾಲದಲ್ಲಿ ತೇವ ಬೇರೆ. ಚಾವಡಿಯಲ್ಲಿ ರೂಟರ್ ಇಟ್ಟು ಹಿಂದಿನ ಕೋಣೆಯಲ್ಲಿ ಆಡಿದರೆ ವೈಫೈ ಅಲೆ ಎರಡು ಗೋಡೆ ದಾಟುವಾಗ ಸೊರಗುತ್ತದೆ. ಪೊಟ್ಟಣ ಹಾಳಾದರೆ ವೈಫೈ ಮತ್ತೆ ಕಳಿಸುತ್ತದೆ. ಡೌನ್‌ಲೋಡ್ ಮಾಡುವಾಗ ಇದು ಗೊತ್ತಾಗುವುದಿಲ್ಲ. ರೇಸಿನಲ್ಲಿ ಅದೇ ಜಿಟ್ಟರ್ ಆಗುತ್ತದೆ. ರೂಟರ್‌ನಿಂದ ಕಂಪ್ಯೂಟರ್‌ಗೆ ಒಂದು ಲ್ಯಾನ್ ಕೇಬಲ್ ಎಳೆದರೆ ಈ ತೊಂದರೆ ಪೂರ್ತಿ ಹೋಗುತ್ತದೆ. ಸಾವಿರಾರು ರೂಪಾಯಿಯ ಹೊಸ ರೂಟರ್‌ಗಿಂತ ಇದು ದೊಡ್ಡ ಸುಧಾರಣೆ.

ಇನ್ನೊಂದು, ಮನೆಯಲ್ಲಿ ಯಾರಾದರೂ ಫೋಟೋ, ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದರೆ ರೂಟರ್‌ನಲ್ಲಿ ಸಾಲು ಬೆಳೆಯುತ್ತದೆ. ರೇಸಿನ ಚಿಕ್ಕ ಪೊಟ್ಟಣವೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಪಿಂಗ್ ಒಮ್ಮೆಲೇ ನೂರಾರು ಮಿಲಿಸೆಕೆಂಡ್ ಏರುವುದು ಹೀಗೆ. ಕೆಲವು ರೂಟರ್‌ಗಳಲ್ಲಿ ಕ್ಯೂಓಎಸ್ ಎಂಬ ಸೆಟ್ಟಿಂಗ್ ಇದೆ, ಅದು ಆಟದ ಪೊಟ್ಟಣವನ್ನು ಮುಂದೆ ಬಿಡುತ್ತದೆ. ಮೊಬೈಲ್ ಟವರಿನಿಂದ ಬರುವ 5ಜಿ ವೈಫೈ ಸಂಪರ್ಕದಲ್ಲಿ ಇದೇ ಸಾಲು ಟವರಿನಲ್ಲೂ ಇರುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ಜಿಟ್ಟರ್ ಜಾಸ್ತಿ. ಫೈಬರ್ ಸಿಗುವ ಕಡೆ ಫೈಬರ್ರೇ ಒಳ್ಳೆಯದು.

ಆಮೇಲೆ ಕರೆಂಟು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ತೆಂಗಿನ ಮಡಲು, ಅಡಿಕೆ ಮರ ತಂತಿಯ ಮೇಲೆ ಬೀಳುವುದು ಜೂನ್‌ನಿಂದ ಮಾಮೂಲು. ಫೈಬರ್ ಕೇಬಲ್ ಕೂಡ ಹೆಚ್ಚಿನ ಕಡೆ ವಿದ್ಯುತ್ ಕಂಬದ ಮೇಲೆಯೇ ಸಾಗುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರ್ಕಾರದ ಕೆ-ಫೋನ್ ಇಂಟರ್ನೆಟ್ ಜಾಲ ಕೂಡ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಸೌಕರ್ಯವನ್ನು ಬಳಸಿಯೇ ಕಟ್ಟಿದ್ದು. ಒಂದೇ ಮರ ಬಿದ್ದರೆ ಕರೆಂಟೂ ಹೋಗುತ್ತದೆ, ಇಂಟರ್ನೆಟ್ಟೂ ಹೋಗುತ್ತದೆ. ಒಂದು ಕ್ಷಣ ಕರೆಂಟು ಮಿಣುಕಿದರೂ ಸಾಕು, ಮೋಡೆಮ್ ಮತ್ತೆ ಶುರುವಾಗಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ರೇಸು ಕೈತಪ್ಪಿರುತ್ತದೆ. ಮೋಡೆಮ್‌ಗೆ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಇಟ್ಟರೆ ಇದು ತಪ್ಪುತ್ತದೆ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕರೆಂಟು ಬದಲಾಗುವ ಆ ಕ್ಷಣದ ಅಂತರಕ್ಕೇ ಕಂಪ್ಯೂಟರ್ ಆರಿಹೋಗಬಹುದು.

ಲ್ಯಾಗ್ ಎಂದು ಕಾಣುವ ಬೇರೆ ಕಾಯಿಲೆ

ಎಲ್ಲರ ಕಾರೂ ಒಟ್ಟಿಗೆ ತಡವರಿಸಿದರೆ, ಸ್ಟೀರಿಂಗ್ ಕೂಡ ತಡವಾಗಿ ತಿರುಗಿದರೆ, ಅದು ಇಂಟರ್ನೆಟ್ ಅಲ್ಲ. ಕಂಪ್ಯೂಟರ್ ದಣಿದಿದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 90 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸುವ, ವಿಆರ್ ಕನ್ನಡಕದಲ್ಲಿ ಬರೀ 11.1. ರೇಸ್ ಶುರುವಾಗುವಾಗ ಎಲ್ಲ ಕಾರುಗಳೂ ಒಂದೇ ಕಡೆ ಇರುತ್ತವೆ. ಕನ್ನಡಿಗಳಲ್ಲೂ ಅವನ್ನೆಲ್ಲ ಇನ್ನೊಮ್ಮೆ ಬಿಡಿಸಬೇಕು. ಆ ಹೊತ್ತಿಗೆ ಕೆಲಸ ಮುಗಿಯದೆ ಚಿತ್ರ ನಿಂತು ನಿಂತು ಬರುತ್ತದೆ. ಮೊದಲ ತಿರುವಿನಲ್ಲಿ ಅಪಘಾತ ಜಾಸ್ತಿ ಆಗಲು ಚಾಲಕರ ಆತುರದ ಜೊತೆ ಇದೂ ಒಂದು ಕಾರಣ. ಕನ್ನಡಿಗಳ ಸಂಖ್ಯೆ, ಕಾಣಿಸುವ ಕಾರುಗಳ ಸಂಖ್ಯೆ, ನೆರಳು ಕಡಿಮೆ ಮಾಡಿದರೆ ಬಹಳ ವ್ಯತ್ಯಾಸ ಆಗುತ್ತದೆ. ಲ್ಯಾಪ್‌ಟಾಪ್ ಆದರೆ ಕರಾವಳಿಯ ಸೆಕೆಯೂ ಸೇರುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಆಟ ಪೂರ್ತಿ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬಂದರೆ ಅದು ಮೂರನೆಯ ಕಾಯಿಲೆ, ಕ್ರ್ಯಾಶ್. ಗ್ರಾಫಿಕ್ಸ್ ಡ್ರೈವರ್, ತುಂಬಿದ ವಿಡಿಯೋ ಮೆಮರಿ, ಮಿತಿ ಮೀರಿ ಓಡಿಸಿದ ರ‍್ಯಾಮ್ ಹೀಗೆ ಕಾರಣ ಹಲವು. ಕೆಲವೊಮ್ಮೆ ಆಟಗಾರನ ತಪ್ಪೇ ಇರುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಆಟಗಳು ಕ್ರ್ಯಾಶ್ ಆಗುತ್ತಿದ್ದವು. ವಿಡಿಯೋ ಮೆಮರಿ ಸಾಲದು ಎಂಬ ಸಂದೇಶ ಬರುತ್ತಿದ್ದರಿಂದ ಜನ ಗ್ರಾಫಿಕ್ಸ್ ಕಾರ್ಡನ್ನು ದೂರುತ್ತಿದ್ದರು. 2024ರಲ್ಲಿ ಕಂಪನಿಯೇ ದೋಷ ಒಪ್ಪಿಕೊಂಡು ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಲೆಮಾರಿನ ಪ್ರೊಸೆಸರ್ ಇರುವವರು ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ತಂತ್ರಾಂಶ) ಹೊಸದು ಮಾಡಿಕೊಳ್ಳದೆ ಬೇರೆ ಏನು ಬದಲಿಸಿದರೂ ಪ್ರಯೋಜನ ಇಲ್ಲ. ಸ್ಟೀರಿಂಗ್ ನಡುವೆ ಸಂಪರ್ಕ ಕಳೆದುಕೊಂಡರೆ ವಿಂಡೋಸ್‌ನ ಯುಎಸ್‌ಬಿ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಮೊದಲು ನೋಡಿ.

ದುಬಾರಿ ಯಂತ್ರ ಇದ್ದವರೂ ಇದರಿಂದ ಪಾರಾಗಿಲ್ಲ. 2023ರ ಜನವರಿಯ ವರ್ಚುವಲ್ ಲೆ ಮಾನ್ಸ್ 24 ಗಂಟೆಯ ರೇಸಿನಲ್ಲಿ ಮುನ್ನಡೆಯಲ್ಲಿದ್ದ ಮ್ಯಾಕ್ಸ್ ವರ್ಸ್ಟಾಪೆನ್ ಅವರ ಸಂಪರ್ಕ ಕಡಿಯಿತು, ಕೊನೆಗೆ ಅವರು ರೇಸ್ ಬಿಟ್ಟರು. ಸರ್ವರ್ ತೊಂದರೆಯಿಂದ ಆ ರೇಸನ್ನೇ ನಡುವೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಿತ್ತು. ಆಗ ವರ್ಸ್ಟಾಪೆನ್ ಫಾರ್ಮುಲಾ 1ರ ವಿಶ್ವ ಚಾಂಪಿಯನ್.

ಯಾರು ಏನು ಹೇಳುತ್ತಾರೆ

ಆಟದ ಕಂಪನಿಗಳ ವಾದ ನೇರವಾಗಿದೆ. ಸರ್ವರ್ ಸರಿಯಾಗಿದೆ, ಬೇರೆ ಸಾವಿರಾರು ಜನ ಆಡುತ್ತಿದ್ದಾರೆ, ನಿಮ್ಮ ಸಂಪರ್ಕ ನೋಡಿಕೊಳ್ಳಿ. ಇಂಟರ್ನೆಟ್ ಕೊಡುವವರ ವಾದವೂ ಅಷ್ಟೇ ನೇರ. ಹಣ ಕೊಟ್ಟ ವೇಗ ಬರುತ್ತಿದೆ, ಹೊರದೇಶದ ಸರ್ವರ್ ನಮ್ಮ ಕೈಯಲ್ಲಿಲ್ಲ. ಎರಡರಲ್ಲೂ ನಿಜ ಇದೆ. ಆದರೆ ಇಬ್ಬರ ನಡುವಿನ ದಾರಿಗೆ ಯಾರೂ ಹೊಣೆಯಲ್ಲ ಎಂಬಂತಾಗಿದೆ. ಆಟಗಾರ ಸಿಕ್ಕಿಬೀಳುವುದು ಅಲ್ಲೇ.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2006ರ ನಿಯಮದಲ್ಲಿ ದೇಶದ ಅಂತರರಾಷ್ಟ್ರೀಯ ದ್ವಾರದವರೆಗೆ 120 ಮಿಲಿಸೆಕೆಂಡ್, ಹೊರದೇಶದ ಮೊದಲ ಕೇಂದ್ರದವರೆಗೆ 350 ಮಿಲಿಸೆಕೆಂಡ್‌ಗಿಂತ ಕಡಿಮೆ ಇರಬೇಕು ಎಂದಿತ್ತು. ಇಮೇಲ್ ಕಾಲಕ್ಕೆ ಅದು ಸಾಕಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ಬಂದಿದೆ, ಅದರಲ್ಲಿ ತಡ ಮತ್ತು ಪ್ಯಾಕೆಟ್ ನಷ್ಟವೂ ಗುಣಮಟ್ಟದ ಭಾಗ. ದೂರು ಕೊಡುವವರಿಗೆ ಇದು ಮುಖ್ಯ. ನೆಟ್ ಸ್ಲೋ ಎಂದರೆ ಸ್ಪೀಡ್ ಟೆಸ್ಟ್ ಮಾಡಿಸಿ ಫೋನ್ ಇಡುತ್ತಾರೆ. ಪಿಂಗ್ ಏರಿಳಿಯುತ್ತಿದೆ, ಇಂತಿಷ್ಟು ಪ್ಯಾಕೆಟ್ ಲಾಸ್ ಇದೆ ಎಂದು ಅಂಕಿ ಹೇಳಿದರೆ ತಂತ್ರಜ್ಞರು ಕೇಳಿಸಿಕೊಳ್ಳಲೇಬೇಕು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತಾಡಬೇಕಾದ ಇಲ್ಲಿನ ಕನ್ನಡ ಮನೆಗಳಿಗೆ ಅಂಕಿ ಇನ್ನೂ ಹೆಚ್ಚು ಸಹಾಯ ಮಾಡುತ್ತದೆ. ಅದಕ್ಕೆ ಅನುವಾದ ಬೇಕಿಲ್ಲ. ಮೊದಲು ಸ್ವಂತ ರೂಟರ್‌ಗೆ ಪಿಂಗ್ ಮಾಡಿ ನೋಡಿ. ಅಲ್ಲೇ ಏರಿಳಿತ ಇದ್ದರೆ ತೊಂದರೆ ಮನೆಯೊಳಗಿದೆ. ಅಲ್ಲಿ ಸರಿ ಇದ್ದು ದೇಶದೊಳಗಿನ ಸರ್ವರ್‌ಗೆ ಏರಿಳಿತ ಇದ್ದರೆ ಇಂಟರ್ನೆಟ್ ಕಂಪನಿಯದ್ದು. ಅದೂ ಸರಿ ಇದ್ದರೆ ಆಮೇಲೆ ಸಮುದ್ರದ ಕಡೆ ನೋಡೋಣ.

ಮುಂಬೈಯಲ್ಲಿ ಸರ್ವರ್ ಇಟ್ಟರೆ ಮುಗಿಯಿತೇ?

ಭಾರತದ ಆಟಗಾರರ ಬೇಡಿಕೆ ಇದು. ಯಂತ್ರದ ಕೊರತೆ ಇಲ್ಲ. ಅಮೆಜಾನ್ 2016ರಿಂದ, ಗೂಗಲ್ 2017ರಿಂದ ಮುಂಬೈಯಲ್ಲಿ ಸರ್ವರ್ ಬಾಡಿಗೆಗೆ ಕೊಡುತ್ತಿವೆ. ಕೊರತೆ ಇರುವುದು ಜನರದ್ದು. ಒಂದು ರೇಸಿಗೆ ಒಂದೇ ಹೊತ್ತಿನಲ್ಲಿ, ಒಂದೇ ಮಟ್ಟದ ಇಪ್ಪತ್ತು ಮೂವತ್ತು ಚಾಲಕರು ಬೇಕು. ಭಾರತದವರನ್ನು ಬೇರೆ ಮಾಡಿ ಮುಂಬೈಗೆ ಕಳಿಸಿದರೆ ಪಿಂಗ್ ಚೆನ್ನಾಗಿರುತ್ತದೆ, ಟ್ರ್ಯಾಕ್ ಖಾಲಿ ಇರುತ್ತದೆ. ಹೊಸಬರು ಅನುಭವಿಗಳ ಜೊತೆ ಓಡಬೇಕಾಗುತ್ತದೆ, ಸೋತು ಸೋತು ಬಿಡುತ್ತಾರೆ, ಟ್ರ್ಯಾಕ್ ಇನ್ನೂ ಖಾಲಿಯಾಗುತ್ತದೆ. ಜನ ಇಲ್ಲದೆ ಸರ್ವರ್ ಬರುವುದಿಲ್ಲ, ಸರ್ವರ್ ಇಲ್ಲದೆ ಜನ ಬರುವುದಿಲ್ಲ.

ಈ ಗಂಟು ಬಿಡಿಸುವ ಶಕ್ತಿ ಇರುವುದು ಲೀಗ್‌ಗಳಿಗೆ, ಅಂದರೆ ಸರಣಿ ರೇಸ್ ನಡೆಸುವ ಕೂಟಗಳಿಗೆ. ವಾರಕ್ಕೊಂದು ದಿನ, ನಿಗದಿತ ಹೊತ್ತಿಗೆ, ಬಾಡಿಗೆ ಸರ್ವರ್‌ನಲ್ಲಿ ರೇಸ್ ಇಟ್ಟರೆ ಜನ ಒಂದು ಕಡೆ ಸೇರುತ್ತಾರೆ. ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆಯಂಥ ಆಟಗಳಲ್ಲಿ ಸ್ವಂತ ಸರ್ವರ್ ನಡೆಸಲು ಅವಕಾಶವೂ ಇದೆ. ಇ-ಸ್ಪೋರ್ಟ್ಸ್‌ಗೆ ಕಾನೂನಿನ ಮಾನ್ಯತೆ ಸಿಕ್ಕಿರುವುದರಿಂದ ಇಂಥ ಲೀಗ್‌ಗಳು ಹೆಚ್ಚಬಹುದು.

ಆದರೆ ಲೀಗ್‌ಗಳ ಒಂದು ಅಭ್ಯಾಸ ಬದಲಾಗಬೇಕು. ಪಿಂಗ್ ಇಂತಿಷ್ಟು ದಾಟಿದರೆ ಹೊರಗೆ ಎಂಬ ನಿಯಮ ಬಹಳ ಕಡೆ ಇದೆ. ಮಿತಿ 200 ಎಂದಿದ್ದು, ಕೇಬಲ್ ಕಡಿದು ದಾರಿ ಸುತ್ತಾಗಿ ಪಿಂಗ್ 220 ಆದರೆ, ಒಂದು ಪೊಟ್ಟಣವೂ ಕಳೆಯದ ಮುಳ್ಳೇರಿಯಾದ ಹುಡುಗಿ ಹೊರಬೀಳುತ್ತಾಳೆ. ಪಿಂಗ್ 60 ಇದ್ದು ಪ್ರತಿ ಲ್ಯಾಪಿನಲ್ಲೂ ಮಾಯವಾಗುವವನು ಒಳಗೇ ಉಳಿಯುತ್ತಾನೆ. ಮೇಲಿನ 11 ಸೆಂಟಿಮೀಟರ್ ಮತ್ತು 1.9 ಮೀಟರ್ ಲೆಕ್ಕ ನೆನಪಿದ್ದರೆ ಇದು ತಲೆಕೆಳಗಾದ ನಿಯಮ ಎಂದು ಗೊತ್ತಾಗುತ್ತದೆ. ಅಳೆಯಬೇಕಾದದ್ದು ಏರಿಳಿತ ಮತ್ತು ನಷ್ಟ. ಪಿಂಗ್ ಮಿತಿ ಇಡುವುದೇ ಆದರೆ ಅದು ಎರಡನೆಯ ಮಾತಾಗಲಿ. ಸರ್ವರ್ ಯಾವ ಊರಿನಲ್ಲಿದೆ, ಮಿತಿ ಎಷ್ಟು, ಸರ್ವರ್ರೇ ಬಿದ್ದರೆ ರೇಸನ್ನು ಮತ್ತೆ ನಡೆಸುತ್ತಾರೋ ಇಲ್ಲವೋ ಎಂಬುದನ್ನು ನೋಂದಣಿ ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ ಬರೆದು ಹೇಳಲಿ.